ಒಬ್ಬ ಅತ್ತೆಯಷ್ಟು ಮರ್ಯಾದೆ

ನಮ್ಮ ಟೊಂಗಾದ ವಿಮಾನದಳದಲ್ಲಿ ಎರಡು ವಿಮಾನಗಳಿದ್ದವು. ಒಂದು ಹಾರುತ್ತಿತ್ತು, ಇನ್ನೊಂದರಲ್ಲಿ ಕೋಳಿಗಳಿದ್ದವು. ಎರಡನ್ನೂ ನೋಡಿಕೊಳ್ಳಲು ನಮ್ಮ ಪಕ್ಕದ ಮನೆಯ ಕೆಪುಯೇಲಿ ಇದ್ದ.

ಹಾರುವ ವಿಮಾನ ಚಿಕ್ಕದು. ಮುಂದೆ ಹಾರಿಸುವವರು, ಹಿಂದೆ ಇನ್ನೊಬ್ಬರು, ಅಲ್ಲಿಗೆ ಮುಗಿಯಿತು. ರೆಕ್ಕೆಗೆ ಹೊದಿಸಿರುವುದು ಬಟ್ಟೆ. ಹಾರದೇ ಇರುವುದು ಮಾತ್ರ ದೊಡ್ಡದು. ಎರಡು ಎಂಜಿನ್, ಎರಡು ಬಾಲ, ಒಂಬತ್ತು ಸೀಟು, ನೋಡಿದರೆ ಕೈಮುಗಿಯಬೇಕು ಅನ್ನಿಸುವಂಥ ಮೂತಿ. ಅದನ್ನು ಸೇವೆಯಿಂದ ನಿವೃತ್ತಿ ಮಾಡಿ ಎಷ್ಟೋ ವರ್ಷವಾಗಿತ್ತು. ದೀವಿಹಲಸಿನ ಮರದ ಕೆಳಗೆ ಕಲ್ಲುಕಂಬಗಳ ಮೇಲೆ ನಿಲ್ಲಿಸಿದ್ದರು. ಅದರ ಕಿಟಕಿಯಿಂದ ಕೋಳಿಗಳು ಗಣ್ಯರ ಹಾಗೆ ಹೊರಗೆ ನೋಡುತ್ತ ಕೂತಿರುತ್ತಿದ್ದವು.

ಕೆಪುಯೇಲಿಯ ಕೆಲಸ ಮೂರು. ಕಡಲಿನ ಉಪ್ಪು ಕೂತು ತುಕ್ಕು ಹಿಡಿಯದ ಹಾಗೆ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯುವುದು. ಹತ್ತುವವರನ್ನು ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಕೂಗುವುದು. ರನ್‌ವೇಗೆ ನುಗ್ಗುವ ಹಂದಿಗಳನ್ನು ಓಡಿಸುವುದು. ಮೂರರಲ್ಲೂ ಅವನು ಗಟ್ಟಿಗ. ಆದರೆ ಇದು ಯಾವುದೂ ಊರಿನಲ್ಲಿ ಹೇಳಿಕೊಳ್ಳುವಂಥದ್ದಲ್ಲ ಎಂದು ಅವನಿಗೆ ಯಾಕೆ ಅನ್ನಿಸಿತೋ ಕಾಣೆ.

ಎಲ್ಲ ಶುರುವಾದದ್ದು ಒಂದು ಟೋಪಿಯಿಂದ. ಆಕ್ಲೆಂಡಿಗೆ ಹೊರಟುಹೋದ ಪೈಲಟ್ ಒಬ್ಬರು ತಮ್ಮ ಹಳೇ ಟೋಪಿಯನ್ನು ಗೂಟದ ಮೇಲೆ ಬಿಟ್ಟುಹೋದರು. ಅದರ ಹಣೆಗೆ ಬಂಗಾರದ ಬಣ್ಣದ ರೆಕ್ಕೆಗಳಿದ್ದವು. ಕೆಪುಯೇಲಿ ಅದನ್ನು ಹಾಕಿಕೊಂಡು ಒಂದು ಸಂಜೆ ಕಾವಾ ಬೇರಿನ ಪಾನಕ ಕುಡಿಯುವ ನಮ್ಮ ಕೂಟಕ್ಕೆ ಬಂದು ಕೂತ. ತಾನು ವಿಮಾನ ಹಾರಿಸುತ್ತೇನೆ ಎಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ, ಇದನ್ನು ನಾನು ಬೈಬಲ್ ಮುಟ್ಟಿ ಹೇಳುತ್ತೇನೆ. ಅವನು ಹೇಳಿದ್ದು ಇಷ್ಟೇ: “ಇವತ್ತು ಅಡ್ಡಗಾಳಿ ಕಣ್ರಪ್ಪ. ಇಳಿಸೋ ಹೊತ್ತಿಗೆ ಸಾಕುಸಾಕಾಯ್ತು.” ಇಳಿಸಿದವರು ಯಾರು ಎಂದು ನಾವು ಕೇಳಲಿಲ್ಲ. ಹಿಂದೆ ತೂಕ ಹಾಕುತ್ತಿದ್ದ, ಈಗ ಬಡ್ತಿ ಸಿಕ್ಕಿದೆ ಎಂದುಕೊಂಡು ಅವನಿಗೆ ದೊಡ್ಡವರಿಗೆ ಸಲ್ಲುವ ಮೊದಲ ಚಿಪ್ಪು ಕಾವಾ ಕೊಟ್ಟೆವು. ಮೊದಲ ಚಿಪ್ಪಿನ ರುಚಿ ಹತ್ತಿದವನು ಎರಡನೆಯದಕ್ಕೆ ಇಳಿಯುವುದುಂಟೇ? ಆಮೇಲೆ ಅವನು ಆ ಟೋಪಿಯನ್ನು ತೆಗೆದದ್ದು ಚರ್ಚಿನಲ್ಲಿ ಮಾತ್ರ, ಅದೂ ಕೊನೆಯ ಬೆಂಚಿನಲ್ಲಿ ಕೂತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅವನಿಗೊಬ್ಬ ಸೋದರತ್ತೆ ಇದ್ದಳು.

ನಮ್ಮಲ್ಲಿ ಅಪ್ಪನ ಅಕ್ಕ ಎಂದರೆ ಆ ಮನೆತನಕ್ಕೇ ರಾಣಿ. ಅವಳು ಹಂದಿ ಕೇಳಿದರೆ ಹಂದಿ ಕೊಡಬೇಕು, ರೇಡಿಯೋ ಕೇಳಿದರೆ ಬ್ಯಾಟರಿ ಸಮೇತ ಕೊಡಬೇಕು. ಅವಳು ಕುರ್ಚಿಯಲ್ಲಿ ಕೂತರೆ ತಮ್ಮನ ಮಕ್ಕಳು ನೆಲಕ್ಕೆ, ಅವಳು ನೆಲಕ್ಕೆ ಕೂತರೆ ಇವರು ಎಲ್ಲಿಗೆ ಹೋಗಬೇಕೋ ದೇವರೇ ಬಲ್ಲ. ಸತ್ತವರ ಮನೆಯಲ್ಲಂತೂ ಹೆಣದ ತಲೆಯ ಹತ್ತಿರದ ಜಾಗ ಅವಳದೇ. ಕೆಪುಯೇಲಿಯ ಅತ್ತೆ ಲೇಸಿಯೆಲಿಗೆ ಅದೊಂದು ಜಾಗ ತಪ್ಪಿಹೋಗಿತ್ತು. ಅವಳು ಆಗ ಹಾಪಾಯಿ ದ್ವೀಪದಲ್ಲಿ ಗಂಡನ ಮನೆಯಲ್ಲಿದ್ದಳು. ತಮ್ಮ, ಅಂದರೆ ಕೆಪುಯೇಲಿಯ ಅಪ್ಪ, ತೀರಿಕೊಂಡಾಗ ಅವಳನ್ನು ಕರೆತರಲು ಕೆಪುಯೇಲಿ, ನಮ್ಮ ಪಾದ್ರಿಗಳು, ಮೇಷ್ಟ್ರು ಆ ದೊಡ್ಡ ವಿಮಾನದಲ್ಲೇ ಹೋಗಿದ್ದರು. ಅದೇ ಸಾವಿಗೆಂದು ಹೊರಟಿದ್ದ ಅಲ್ಲಿನ ಪ್ರಭುಗಳ ಪರಿವಾರವೂ ಹತ್ತಿತು. ತೂಕ ಹೆಚ್ಚಾಯಿತು ಎಂದು ಕೊನೆಯಲ್ಲಿ ನಿಂತಿದ್ದ ಲೇಸಿಯೆಲಿಯನ್ನು ಹುಲ್ಲಿನ ಮೇಲೇ ಬಿಟ್ಟು ವಿಮಾನ ಬಂದುಬಿಟ್ಟಿತು. ತಮ್ಮನ ತಲೆಯ ಹತ್ತಿರ ಹಾಸಿದ್ದ ಚಾಪೆ ಖಾಲಿಯೇ ಇತ್ತು.

ಆಮೇಲೆ ಅವಳು ವಿಧವೆಯಾಗಿ ನಮ್ಮ ನಕೋಲೋ ಊರಿಗೇ ಬಂದಳು. ಬಸ್ಸು ವಿಮಾನದಳದ ಬೇಲಿಯ ಪಕ್ಕ ಹಾದಾಗಲೆಲ್ಲ ಕಿಟಕಿಯಿಂದ ಕೈ ಹಾಕಿ ಆ ನಿವೃತ್ತ ವಿಮಾನಕ್ಕೆ ಒಂದು ಕಲ್ಲು ಎಸೆಯುತ್ತಿದ್ದಳು. ಅದಕ್ಕೆಂದೇ ಕೈಚೀಲದಲ್ಲಿ ಬೆಣಚುಕಲ್ಲು ಇಟ್ಟುಕೊಂಡಿರುತ್ತಿದ್ದಳು. ಡ್ರೈವರು ಅಲ್ಲಿ ನಿಧಾನ ಮಾಡಿಕೊಡುತ್ತಿದ್ದ. ಕಲ್ಲು ತಗಲಿ ಠಣ್ ಎಂದರೆ, “ಸೋಮಾರಿ! ಹೊತ್ಕೊಳ್ಳೋಕೆ ಮೈಬಗ್ಗದ ಸೋಮಾರಿ!” ಎಂದು ಬೈದು ಸೀಟಿಗೆ ಒರಗುತ್ತಿದ್ದಳು.

ಇಂಥ ಅತ್ತೆ ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ, ಅರ್ಧ ಊರು ಅಂಗಳದಲ್ಲಿ ನಿಂತಿರುವಾಗ, ಪಾದ್ರಿಗಳಿಗೆ ಹೇಳಿದಳು: “ವಿಮಾನದಳದ ದಿನ ಬರ್ತಿದೆಯಲ್ಲ, ಅವತ್ತು ನಮ್ಮ ಕೆಪು ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗ್ತಾನೆ. ಆ ಸೋಮಾರಿ ನನ್ನನ್ನ ಬಿಟ್ಟುಬಂತು. ನನ್ನ ತಮ್ಮನ ಮಗ ಹಾರಿಸೋ ವಿಮಾನ ಬಿಡೋದಿಲ್ಲ. ಅಲ್ವೇನೋ?”

ಕೆಪುಯೇಲಿ ತಲೆಯ ಮೇಲಿನ ಟೋಪಿಯ ಅಂಚು ಹಿಡಿದು ತಿರುಗಿಸುತ್ತಿದ್ದ. ಅತ್ತೆಗೆ ಇಲ್ಲ ಎನ್ನುವ ಪದ ನಮ್ಮ ನಾಲಗೆಯಲ್ಲಿ ಹೊರಳುವುದೇ ಇಲ್ಲ. “ಅದಕ್ಕೇನಂತೆ ಅತ್ತೆ,” ಎಂದ.

ಮನೆಯಲ್ಲಿ ಹೆಂಡತಿ ವಯೋಲೆಟಿ ಕೆಸುವಿನ ಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಊರಿನಲ್ಲಿ ಸತ್ಯ ಗೊತ್ತಿದ್ದವಳು ಅವಳೊಬ್ಬಳೇ. ಗಂಡನ ಪ್ಯಾಂಟಿಗೆ ಹತ್ತಿದ ಹಂದಿಯ ಕೆಸರು ಒಗೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ? ನಮ್ಮಿಬ್ಬರ ಮನೆಗಳ ನಡುವೆ ಇರುವುದು ಬರೀ ತೆಂಗಿನ ಗರಿಯ ತಡಿಕೆ. ಹಾಗಾಗಿ ಆ ಸಂಜೆ ನನಗೂ ಗೊತ್ತಾಯಿತು.

“ಹಾರಿಸ್ತಾನಂತೆ! ನೀನು ಇಷ್ಟು ದಿನ ಹಾರಿಸಿರೋದು ಕೋಳಿ, ಓಡಿಸಿರೋದು ಹಂದಿ. ಅತ್ತೇನ ಯಾವ ಹಂದಿ ಮೇಲೆ ಕೂರಿಸ್ತೀಯ?”

“ಮೆಲ್ಲಗೆ ಮಾತಾಡೇ.”

“ಹೋಗಿ ಕಾಲಿಗೆ ಬಿದ್ದು ಹೇಳಿಬಿಡು.”

“ಏನಂತ? ಎಲ್ಲರೂ ಕೊಡೋ ಮೊದಲ ಚಿಪ್ಪು ಕುಡಿದಿದ್ದೀನಲ್ಲೇ.”

ಮಾರನೆಯ ದಿನ ಅವನು ಲೆಫ್ಟಿನೆಂಟ್ ಹೋಪೋಆತೆಯವರ ಹತ್ತಿರ ಹೋದ. ಆಕ್ಲೆಂಡಿಗೆ ಹೋದವರನ್ನು ಬಿಟ್ಟರೆ ನಮ್ಮಲ್ಲಿ ವಿಮಾನ ಹಾರಿಸುವುದು ಅವರೇ, ಅವತ್ತೂ ಅವರೇ, ಇವತ್ತೂ ಅವರೇ. “ಸಾರ್, ನಮ್ಮತ್ತೆ ಹಾರಬೇಕಂತೆ. ದಯವಿಟ್ಟು ಆಗಲ್ಲ ಅಂದುಬಿಡಿ,” ಎಂದು ಬೇಡಿಕೊಂಡ.

ಹೋಪೋಆತೆ ಬೆಚ್ಚಿಬಿದ್ದರು. “ಸೋದರತ್ತೆ ಕೇಳಿರೋದನ್ನ ನಾನು ಆಗಲ್ಲ ಅನ್ನಲಾ? ನನಗೂ ಒಬ್ಬರು ಇದ್ದಾರೆ ಕಣಯ್ಯ. ಅವರಿಗೆ ಗೊತ್ತಾದ್ರೆ ನನ್ನ ಕಥೆ ಏನು? ನಾನೇ ಕರ್ಕೊಂಡು ಹೋಗ್ತೀನಿ. ಹಿಂದಿನ ಸೀಟಿಗೆ ನೂರು ಕಿಲೋ ಮೀರಬಾರದು, ಅದೊಂದೇ ನಿಯಮ.”

ನೂರು ಕಿಲೋ! ಕೆಪುಯೇಲಿಯ ಮುಖ ಅರಳಿತು. ಅತ್ತೆ ನಡೆದುಬಂದರೆ ಚರ್ಚಿನ ಬೆಂಚು ಮೊದಲೇ ಕಿರುಗುಟ್ಟಲು ಶುರುಮಾಡುತ್ತಿತ್ತು. ನೂರನ್ನು ಅವಳು ಎಂದೋ ದಾಟಿದ್ದಳು. ತಾನು ಇಲ್ಲ ಎನ್ನಬೇಕಾಗಿಲ್ಲ, ತಕ್ಕಡಿಯೇ ಹೇಳುತ್ತದೆ. ತಕ್ಕಡಿಗೆ ಸೋದರತ್ತೆ ಇಲ್ಲ. ಅವನು ಓಡಿಹೋಗಿ ಅತ್ತೆಯ ಬಾಗಿಲಲ್ಲಿ ಕೂತು, ಆದಷ್ಟೂ ಸಂಕಟದ ಮುಖ ಮಾಡಿಕೊಂಡು ವಿಷಯ ತಿಳಿಸಿದ.

ಅತ್ತೆ ತನ್ನ ಮುಂದಿದ್ದ ಹುರಿದ ಹಂದಿಯ ತೊಡೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದಳು.

“ನೂರು ತಾನೆ? ಆಯ್ತು.”

ಇಲ್ಲಿಂದ ಊರಿನ ನಿದ್ದೆ ಕೆಟ್ಟಿತು. ಲೇಸಿಯೆಲಿ ಊಟ ಬಿಟ್ಟಳು ಎನ್ನುವುದು ನಮ್ಮಲ್ಲಿ ಕಡಲು ಹಿಂದೆ ಸರಿಯಿತು ಎಂದ ಹಾಗೆ. ಮೊದಲು ಹಂದಿ ಬಿಟ್ಟಳು, ಆಮೇಲೆ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ, ಆಮೇಲೆ ಗೆಣಸು. ಒಂದು ಬಾಳೆಹಣ್ಣು, ಒಂದು ಎಳನೀರು, ಅಷ್ಟೇ. ನೆಂಟರು ಬುಟ್ಟಿ ಬುಟ್ಟಿ ಅಡುಗೆ ಹೊತ್ತು ತಂದು ಅವಳ ಕಣ್ಣೆದುರು ಮುಚ್ಚಳ ತೆಗೆದರು. ಅವಳು ಕಣ್ಣು ಮುಚ್ಚಿಕೊಂಡು ಕೀರ್ತನೆ ಹಾಡಿದಳು. ಪಾದ್ರಿಗಳು ಬಂದು, ಉಪವಾಸಕ್ಕೆ ಹೊತ್ತು ಗೊತ್ತು ಇರುತ್ತದೆ, ಯೇಸುವೂ ಮೀನು ತಿನ್ನುತ್ತಿದ್ದ ಎಂದು ಬುದ್ಧಿ ಹೇಳಿದರು. ಅವರು ಮಾತಾಡುತ್ತ ಮಾತಾಡುತ್ತ ನೆಂಟರು ತಂದಿದ್ದ ಬುಟ್ಟಿಯೊಂದನ್ನು ಖಾಲಿ ಮಾಡಿದ್ದು ಬಿಟ್ಟರೆ ಬೇರೆ ಪರಿಣಾಮವಾಗಲಿಲ್ಲ.

ಬೈಗುಳವೆಲ್ಲ ಕೆಪುಯೇಲಿಗೆ. ನಮ್ಮ ಮೇಷ್ಟ್ರು ಫಿಲಿಮೋನೆ ದಾರಿಯಲ್ಲೇ ಹಿಡಿದು ನಿಲ್ಲಿಸಿದರು: “ಏನಯ್ಯ, ಪೈಲಟ್ ಆದ ಮಾತ್ರಕ್ಕೆ ಮುದುಕಿ ಹೊಟ್ಟೆಗೆ ಮಣ್ಣು ಹಾಕ್ತೀಯ? ನಿನ್ನ ವಿಮಾನಕ್ಕೆ ಇನ್ನೊಂದು ರೆಕ್ಕೆ ಕಟ್ಟಿಸೋಕೆ ಆಗಲ್ವೇ?”

“ನಿಯಮ ಮೇಷ್ಟ್ರೇ.”

“ನಿಯಮ ಮಾಡಿದವನಿಗೆ ಅತ್ತೆ ಇಲ್ವೇ?”

ಕೆಪುಯೇಲಿ ನಿಜ ಹೇಳಿಬಿಡಬೇಕೆಂದೇ ಸಂಜೆ ಸಂಜೆ ಅತ್ತೆಯ ಮನೆಗೆ ಹೋಗುತ್ತಿದ್ದ. ಬಾಗಿಲಲ್ಲಿ ಕೂತು, “ಅತ್ತೆ, ಒಂದು ಮಾತು,” ಎನ್ನುತ್ತಿದ್ದ. ಅವಳು ಕೈ ಎತ್ತಿ ತಡೆಯುತ್ತಿದ್ದಳು. “ಬೇಡ ಕಣೋ. ಮಾತಾಡಿದ್ರೆ ಹಸಿವಾಗುತ್ತೆ. ನಿನಗೆ ಕೆಟ್ಟ ಹೆಸರು ಬರೋ ಹಾಗೆ ಮಾಡಲ್ಲ ನಾನು, ಹೋಗು.” ಒಂದು ಸಂಜೆ ಅವಳ ರವಿಕೆಯ ತೋಳು ಸಡಿಲವಾಗಿ ಜೋಲಾಡುವುದು ಅವನ ಕಣ್ಣಿಗೆ ಬಿತ್ತು. ಅವತ್ತು ಅವನು ಕಾವಾ ಕೂಟಕ್ಕೆ ಬರಲಿಲ್ಲ. ಬಂದಿದ್ದರೂ ನಾವು ಮೊದಲ ಚಿಪ್ಪು ಕೊಡುತ್ತಿರಲಿಲ್ಲ.

ವಿಮಾನದಳದ ದಿನ ಬಂತು. ಊರಿಗೆ ಊರೇ ಬೇಲಿಯೊಳಗೆ ನೆರೆಯಿತು. ಮರದ ಕೆಳಗಿನ ನಿವೃತ್ತ ವಿಮಾನಕ್ಕೂ ಒಂದು ಹೂಮಾಲೆ ಹಾಕಿದ್ದರು. ಕೋಳಿಗಳು ಅದನ್ನು ಅರ್ಧ ತಿಂದಿದ್ದವು. ಅತ್ತೆ ಕಪ್ಪುಡುಪು ಉಟ್ಟು, ಸೊಂಟಕ್ಕೆ ಬರೀ ತೆಳುವಾದೊಂದು ಚಾಪೆ ಸುತ್ತಿಕೊಂಡು ಬಂದಳು. ಆ ವಯಸ್ಸಿನವರು ಸಭೆಗೆ ಬರುವಾಗ ಸುತ್ತುವ ದಪ್ಪ ಚಾಪೆಯನ್ನು ತೂಕಕ್ಕೆ ಹೆದರಿ ಮನೆಯಲ್ಲೇ ಬಿಟ್ಟಿದ್ದಳು. ಹೆಂಗಸರು ಅದನ್ನು ಕಂಡು ಮುಖ ಮುಖ ನೋಡಿಕೊಂಡರು.

ಕೆಪುಯೇಲಿ ಟೋಪಿ ಹಾಕಿಕೊಂಡು ತಕ್ಕಡಿಯ ಪಕ್ಕ ನಿಂತಿದ್ದ.

“ಏನು ಕೆಪು, ತೂಕಾನೂ ನೀನೇ, ಹಾರಿಸೋದೂ ನೀನೇನಾ?” ಎಂದು ನಾನು ಬೇಕೆಂದೇ ಕೇಳಿದೆ. ತಡಿಕೆಯಾಚೆ ಕೇಳಿಸಿಕೊಂಡಿದ್ದು ಹೊಟ್ಟೆಯಲ್ಲಿ ಕುಣಿಯುತ್ತಿತ್ತು. ಇದಕ್ಕಾಗಿ ನನಗೆ ಈಗ ನಾಚಿಕೆಯಿದೆ, ಆಗ ಇರಲಿಲ್ಲ.

ಅತ್ತೆ ಚಪ್ಪಲಿ ಬಿಟ್ಟಳು, ಕೈಚೀಲ ಕೆಳಗಿಟ್ಟಳು, ಮುಡಿಯ ಬಾಚಣಿಗೆ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟಳು, ಉಸಿರು ಬಿಗಿಹಿಡಿದು ತಕ್ಕಡಿ ಹತ್ತಿದಳು. ಮುಳ್ಳು ಅಲ್ಲಾಡಿತು, ಅಲ್ಲಾಡಿ ನಿಂತಿತು. ಕೆಪುಯೇಲಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನಿಂತು ಎಂದಿನ ಧ್ವನಿಯಲ್ಲಿ ಕೂಗಿದ:

“ನೂರಾ ಎಂಟು!”

ಜನ ಅಯ್ಯೋ ಎಂದರು. ಅತ್ತೆ ತಕ್ಕಡಿಯಿಂದ ಇಳಿಯಲಿಲ್ಲ, ಯಾರನ್ನೂ ಬೈಯಲೂ ಇಲ್ಲ. “ಇನ್ನೂ ಎಂಟಾ?” ಎಂದಳು, ಅಷ್ಟೇ. ಆಮೇಲೆ ಮರದ ಕೆಳಗಿನ ವಿಮಾನದ ಕಡೆ ನೋಡಿ, “ಆಗ್ಲಿ. ನನ್ನ ಹಣೇಲಿ ಬರೆದಿರೋದೇ ನೆಲ,” ಎಂದು ಬಾಚಣಿಗೆಗಾಗಿ ಕೈಚಾಚಿದಳು.

ಕೆಪುಯೇಲಿ ನಿಂತಲ್ಲೇ ಬೆವೆತ. “ಇಲ್ಲ ಅತ್ತೆ, ಇಳೀಬೇಡಿ. ತಕ್ಕಡಿ ತೊಂಬತ್ತೆಂಟು ಅಂತಿದೆ. ಹತ್ತು ನಾನು ಸೇರಿಸಿದ್ದು.”

“ಯಾಕೆ?” ಎಂದರು ಹೋಪೋಆತೆ.

“ಅಭ್ಯಾಸ ಸಾರ್. ಮರ್ಯಾದೆಗೆ.”

“ಯಾವ ಮರ್ಯಾದೆ?”

ಕೆಪುಯೇಲಿ ಇದನ್ನೂ ಬಿಡಿಸಿ ಹೇಳಬೇಕೇ ಎನ್ನುವ ಹಾಗೆ ಅವರ ಮುಖ ನೋಡಿದ. “ದೊಡ್ಡವರ ತೂಕಾನ ಇದ್ದಿದ್ದು ಇದ್ದ ಹಾಗೆ ಎಲ್ಲರ ಎದುರಿಗೆ ಕೂಗೋಕಾಗುತ್ತಾ ಸಾರ್? ಪ್ರಭುಗಳು ಬಂದು ನಿಲ್ತಾರೆ, ಮುಳ್ಳು ಎಂಬತ್ತೈದು ಅನ್ನುತ್ತೆ. ಅವರ ಹಿಂದೆ ಅವರ ಅಡುಗೆಯೋನು ನಿಲ್ತಾನೆ, ಅವನು ನೂರಾ ಐದು. ಪ್ರಭುಗಳು ಅಡುಗೆಯೋನಿಗಿಂತ ಕಮ್ಮಿ ಅಂತ ನನ್ನ ಬಾಯಲ್ಲಿ ಹೇಗೆ ಹೇಳಲಿ? ಅದಕ್ಕೇ ಅವರವರ ಅಂತಸ್ತಿಗೆ ತಕ್ಕ ಹಾಗೆ ಸ್ವಲ್ಪ ಸೇರಿಸ್ತಿದ್ದೆ.”

“ಮೊದಲಿಂದಲೂ?”

“ಮೊದಲಿಂದಲೂ ಸಾರ್. ಯಾರಿಗೂ ಅಗೌರವ ಆಗಿಲ್ಲ,” ಎಂದ ಕೆಪುಯೇಲಿ. ಆ ಗಳಿಗೆಯವರೆಗೂ ಅವನಿಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು.

ಜನರಲ್ಲಿ ಗುಸುಗುಸು ಎದ್ದಿತು. ಅದು ವಿಮಾನದಳದ ಶಿಸ್ತಿನ ಬಗ್ಗೆ ಎಂದುಕೊಂಡರೆ ನೀವು ನಮ್ಮೂರನ್ನು ಕಂಡಿಲ್ಲ.

“ನಾನೂ ಒಮ್ಮೆ ಹೋಗಿದ್ದೆನಲ್ಲಪ್ಪ, ನನಗೆಷ್ಟು?” ಎಂದರು ಪಾದ್ರಿಗಳು, ಸುಮ್ಮನೆ ಕೇಳಿದ ಹಾಗೆ.

“ಹತ್ತು, ಅಯ್ಯನವರೇ.”

ಪಾದ್ರಿಗಳು ಸಮಾಧಾನದಿಂದ ತಲೆಯಾಡಿಸಿದರು. ಮೇಷ್ಟ್ರು ಫಿಲಿಮೋನೆ ಜನರನ್ನು ತಳ್ಳಿಕೊಂಡು ಮುಂದೆ ಬಂದರು. “ನನಗೆ?”

“ಮೂರು.”

“ಪಾದ್ರಿಗಳಿಗೆ ಹತ್ತು, ನನಗೆ ಮೂರೇ? ನಿನಗೆ ಅಂಕಿ ಕಲಿಸಿದ್ದು ಯಾರೋ? ಪಾದ್ರಿಗಳೋ ನಾನೋ?”

ನಾನೂ ಕೇಳಿದೆ. ನನಗೆ ಏನೂ ಸೇರಿಸಿರಲಿಲ್ಲವಂತೆ. ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು, ಅವನ ಮನೆಗೆ ಉಪ್ಪು ಸಕ್ಕರೆ ಕೊಟ್ಟು, ಕೊನೆಗೆ ಸೊನ್ನೆ. ನನ್ನ ಹಿಂದೆ ಇನ್ನೂ ನಾಲ್ಕು ಜನ ತಮ್ಮ ತಮ್ಮ ಮರ್ಯಾದೆ ವಿಚಾರಿಸಲು ಸಾಲುಗಟ್ಟಿದರು.

ಹೋಪೋಆತೆಯವರ ಕಣ್ಣು ಮಾತ್ರ ಮರದ ಕೆಳಗಿನ ವಿಮಾನದ ಮೇಲಿತ್ತು. “ಅದು ಯಾವಾಗಲೂ ಕೂಗಿದ ತೂಕಕ್ಕಿಂತ ಹಗುರಾಗಿ ಏಳ್ತಿತ್ತು,” ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. “ತುಂಬಿದ ವಿಮಾನ ಹೀಗೆ ಎದ್ದೇಳುತ್ತಾ ಅಂತ ನನಗೆ ಆಶ್ಚರ್ಯ ಆಗ್ತಿತ್ತು. ಒಂಬತ್ತು ಸೀಟಿದ್ರೂ ಐದಾರು ಜನಕ್ಕೇ ತೂಕ ಮುಗಿಯೋದು. ಇಷ್ಟು ಎಣ್ಣೆ ಕುಡಿದು ಇಷ್ಟೇ ಜನಾನ ಹೊರೋ ವಿಮಾನ ಯಾತಕ್ಕೆ ಅಂತ ನಿಲ್ಲಿಸಿಬಿಟ್ಟರು. ಕೆಪುಯೇಲಿ, ನಿಮ್ಮಪ್ಪ ತೀರಿಕೊಂಡಾಗ ಹಾಪಾಯಿಯಲ್ಲಿ ಹತ್ತಿದವರು ಯಾರು ಯಾರು? ಪ್ರಭುಗಳಿಗೆ ಎಷ್ಟು ಸೇರಿಸಿದ್ದೆ?”

“ಇಪ್ಪತ್ತೈದು ಸಾರ್. ಪ್ರಭುಗಳಲ್ವೇ.”

“ಅವರ ಹೆಂಡತಿಗೆ?”

“ಇಪ್ಪತ್ತು.”

“ಅವರ ಪರವಾಗಿ ಮಾತಾಡೋ ಹಿರಿಯರಿಗೆ?”

“ಹದಿನೈದು. ನಮ್ಮ ಪಾದ್ರಿಗಳಿಗೆ, ಅಲ್ಲಿಯ ಪಾದ್ರಿಗಳಿಗೆ ಹತ್ತತ್ತು. ಮೇಷ್ಟ್ರಿಗೆ ಮೂರು.” ಅವನ ಧ್ವನಿ ಇಳಿಯುತ್ತ ಬಂತು.

“ಮತ್ತೆ?”

“ಹಂದಿ ಇತ್ತು ಸಾರ್, ಸಾವಿನ ಮನೆಗೆ ತಂದಿದ್ದು.”

“ಹಂದಿಗೂ ಸೇರಿಸಿದೆಯಾ?”

“ಪ್ರಭುಗಳ ಹಂದಿ ಸಾರ್. ಹದಿನೈದು.”

ಯಾರೋ ನಗಲು ಹೊರಟು ನಿಲ್ಲಿಸಿದರು. ಮೇಷ್ಟ್ರು ಹಂದಿಗೆ ಹದಿನೈದೇ ಎಂದು ಬಾಯಿ ತೆರೆದವರು, ಅಂಕಿಗಳನ್ನು ಮನಸ್ಸಿನಲ್ಲೇ ಕೂಡಿಸಿ ಬಾಯಿ ಮುಚ್ಚಿಕೊಂಡರು. ಅವರು ಲೆಕ್ಕದ ಮೇಷ್ಟ್ರು. ಆಮೇಲೆ ಮೆಲ್ಲಗೆ, “ತೊಂಬತ್ತೆಂಟು,” ಎಂದರು.

ಅತ್ತೆ ಇನ್ನೂ ತಕ್ಕಡಿಯ ಮೇಲೇ ಇದ್ದಳು. ಮುಳ್ಳು ಇನ್ನೂ ಅಲ್ಲೇ ಇತ್ತು.

“ಆಗ ನಾನು ಇಷ್ಟೇ ಇದ್ದೆ,” ಎಂದಳು.

ಅವತ್ತು ವಿಮಾನದಲ್ಲಿ ಕೆಪುಯೇಲಿಯ ಪಕ್ಕದ ಸೀಟು ಖಾಲಿಯಿತ್ತು. ಇಡೀ ದಾರಿ ಆ ಖಾಲಿ ಸೀಟಿನ ಮೇಲೆ ಕೈಯಿಟ್ಟುಕೊಂಡು ಅತ್ತಿದ್ದೆ, ವಿಮಾನಕ್ಕೆ ಶಕ್ತಿ ಇಲ್ಲದಿದ್ದರೆ ನಾನೇನು ಮಾಡಲಿ ಎಂದು ಅವನೇ ಎಷ್ಟೋ ಸಲ ನಮ್ಮ ಕೂಟದಲ್ಲಿ ಹೇಳಿದ್ದ. ಮರ್ಯಾದೆಯನ್ನು ಸೀಟಿನಲ್ಲಿ ಕೂರಿಸಿ ಅತ್ತೆಯನ್ನು ಹುಲ್ಲಿನ ಮೇಲೆ ಬಿಟ್ಟುಬಂದದ್ದು ತಾನೇ ಎಂದು ಈಗ ಅವನಿಗೆ ಹೊಳೆಯಿತು, ಇಡೀ ಊರಿನೆದುರು, ಬಿಸಿಲಿನಲ್ಲಿ. ನಮಗೂ ಹೊಳೆಯಿತು. ನನಗೆ ಅವನ ಮುಖ ನೋಡಲಾಗಲಿಲ್ಲ, ನನ್ನ ಸೊನ್ನೆಯ ದುಃಖವೂ ಅಲ್ಲಿಗೇ ಸತ್ತಿತು.

“ಅತ್ತೆ,” ಎಂದ ಕೊನೆಗೆ, “ನಾನು ಹಾರಿಸೋದೂ ಇಲ್ಲ. ಇವರು ಹಾರಿಸ್ತಾರೆ. ನಾನು ತೂಕ ಹಾಕ್ತೀನಿ. ಹಂದಿ ಓಡಿಸ್ತೀನಿ.” ಒಂದು ಮಾನ ಹೋದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಎರಡನ್ನೂ ಒಟ್ಟಿಗೇ ಕಳಚಿಟ್ಟ.

ಅತ್ತೆ ತಕ್ಕಡಿಯಿಂದ ಇಳಿದಳು. “ಆ ಟೋಪಿ ಕೊಡು,” ಎಂದಳು.

ಅತ್ತೆ ಕೇಳಿದ್ದನ್ನು ಕೊಡಲೇಬೇಕು. ಅವನು ತೆಗೆದುಕೊಟ್ಟ. ಕೆಳಗೆ ತಲೆ ಪೂರ್ತಿ ಬೋಳಾಗಿತ್ತು. ಅಷ್ಟು ವರ್ಷ ನಮಗೆ ಅದೂ ಗೊತ್ತಿರಲಿಲ್ಲ. ಅವಳು ಟೋಪಿಯನ್ನು ತನ್ನ ನರೆಗೂದಲಿನ ಮೇಲೆ ಒತ್ತಿ ಕೂರಿಸಿಕೊಂಡು, ಕೈಚೀಲ ಎತ್ತಿಕೊಂಡು, ಹೋಪೋಆತೆಯವರ ಹಿಂದಿನ ಸೀಟಿಗೆ ಹತ್ತಿ ಕೂತಳು. ಚಿಕ್ಕ ವಿಮಾನ ತೆಂಗಿನ ಮರಗಳ ಮೇಲೆ ಎದ್ದುಹೋಯಿತು.

ಅದು ಕಣ್ಮರೆಯಾದದ್ದೇ ಕೆಪುಯೇಲಿ ಬೇಲಿ ದಾಟಿ ಓಡಿದ. ಕಡಲಿಗೆ ಬೀಳುತ್ತಾನೋ ಎಂದು ನಾವು ಹೆದರಿದೆವು. ವಯೋಲೆಟಿ, “ಸುಮ್ನಿರಿ, ಅವನಿಗೆ ಈಜು ಬರುತ್ತೆ,” ಎಂದಳು, ಆದರೆ ಅವಳ ಕಣ್ಣು ತುಂಬಿತ್ತು. ಅವನು ವಾಪಸ್ಸು ಬಂದಾಗ ಕೊರಳಲ್ಲಿ ಇಫಿ ಮರದ ಎಲೆಗಳ ಮಾಲೆ, ಸೊಂಟಕ್ಕೆ ಹರಿದು ಚಿಂದಿಯಾದ ಚಾಪೆ. ನಮ್ಮಲ್ಲಿ ದೊಡ್ಡ ತಪ್ಪು ಮಾಡಿದವನು ಹೀಗೆ ಬಂದು, ನೊಂದವರ ಎದುರು ನೆಲದ ಮೇಲೆ ತಲೆತಗ್ಗಿಸಿ ಕೂರಬೇಕು. ಅವರು ಏಳು ಎನ್ನುವ ತನಕ ಏಳುವಂತಿಲ್ಲ. ಅವನು ರನ್‌ವೇ ಪಕ್ಕದಲ್ಲಿ ಹಾಗೇ ಕೂತ. ನಾವು ದೂರ ನಿಂತೆವು. ಆ ಎಲೆ ಹಾಕಿಕೊಂಡವನನ್ನು ಯಾರೂ ಮಾತಾಡಿಸುವುದಿಲ್ಲ.

ಸ್ವಲ್ಪ ಹೊತ್ತಿಗೆ ವಿಮಾನ ಮರಳಿತು. ಇಳಿಯಲು ಬಂದು, ಇಳಿಯದೆ ಮೇಲಕ್ಕೆ ಹೋಯಿತು. ಮತ್ತೆ ಸುತ್ತು ಹಾಕಿ ಬಂತು, ಮತ್ತೆ ಮೇಲಕ್ಕೆ ಹೋಯಿತು. ನಾವು ತಿರುಗಿ ನೋಡಿದರೆ, ರನ್‌ವೇ ತುಂಬ ಹಂದಿಗಳು. ಓಡಿಸುವವನು ಪ್ರಾಯಶ್ಚಿತ್ತಕ್ಕೆ ಕೂತಿದ್ದ.

“ಏಳೋ ಕೆಪು, ಹಂದಿ!” ಎಂದು ಮೇಷ್ಟ್ರು ಕೂಗಿದರು.

“ಅತ್ತೆ ಹೇಳೋ ತನಕ ಏಳೋ ಹಾಗಿಲ್ಲ,” ಎಂದ ಅವನು, ತಲೆಯೆತ್ತದೆ.

“ಅತ್ತೆ ಮೇಲಿದ್ದಾಳಲ್ಲೋ ಬೆಪ್ಪ!”

ನಾವೇ ನುಗ್ಗಿದೆವು. ಪಾದ್ರಿಗಳು ಕೈಬೀಸಿದರು, ಮೇಷ್ಟ್ರು ಕೊಡೆ ಬೀಸಿದರು. ನಾವು ಓಡಿಸಿದ ಹಂದಿಗಳು ಅಷ್ಟು ದೂರ ಹೋಗಿ ನಿಂತು, ಇವರು ಯಾರು ಹೊಸಬರು ಎಂದು ನಮ್ಮನ್ನೇ ನೋಡಿದವು. ವಿಮಾನ ಮೂರನೆಯ ಸಲ ತಲೆಯ ಮೇಲೆ ಹಾದಾಗ ಕಿಟಕಿಯಿಂದ ಏನೋ ಬಂದು ಕೆಪುಯೇಲಿಯ ಮುಂದೆ ಬಿತ್ತು. ಬೆಣಚುಕಲ್ಲು. ಅದನ್ನು ಅವನು ಅಪ್ಪಣೆ ಎಂದುಕೊಂಡ. ಎದ್ದ, ಎಲೆಮಾಲೆ ಹಾರಾಡಿಸುತ್ತ, ಚಿಂದಿ ಚಾಪೆ ಎಳೆದುಕೊಂಡು, ಬೋಳುತಲೆಯಲ್ಲಿ ಬೆವರು ಸುರಿಸುತ್ತ, ಗಂಟಲಲ್ಲಿ ಅದೊಂದು ವಿಚಿತ್ರ ಸದ್ದು ಹೊರಡಿಸಿಕೊಂಡು ಓಡಿದ. ಹಂದಿಗಳಿಗೆ ತಮ್ಮ ಮನುಷ್ಯ ಸಿಕ್ಕಿದ. ಸಾಲುಗಟ್ಟಿ ಹೊರಗೆ ಹೋದವು. ಅಳುತ್ತ ಹಂದಿ ಓಡಿಸುವವನನ್ನು ನಾನು ಕಂಡದ್ದು ಅವತ್ತೇ.

ವಿಮಾನ ಇಳಿಯಿತು. ಅತ್ತೆ ಇಳಿದು ಬಂದಾಗ ಕೆಪುಯೇಲಿ ಮತ್ತೆ ಅವಳ ಎದುರು ನೆಲಕ್ಕೆ ಕೂತು ತಲೆ ತಗ್ಗಿಸಿದ.

“ನನ್ನೆದುರಿಗಲ್ಲ,” ಎಂದಳು ಅತ್ತೆ. “ಏಳು. ಅದರೆದುರಿಗೆ.”

ಅವಳ ಬೆರಳು ದೀವಿಹಲಸಿನ ಮರದ ಕಡೆ ಇತ್ತು.

“ವಿಮಾನದ ಎದುರಿಗಾ ಅತ್ತೆ?”

“ಯಾರ ಹೆಸರು ಕೆಡಿಸಿದ್ದೀಯ ನೀನು? ಸೋಮಾರಿ ಸೋಮಾರಿ ಅಂತ ಇಷ್ಟು ವರ್ಷ ಕಲ್ಲು ಹೊಡೆದೆ ನಾನು. ಅದು ಪಾಪ ಹೊರೋಕೆ ತಯಾರಾಗೇ ಇತ್ತು. ನಡಿ, ನಾನೂ ಬರ್ತೀನಿ.”

ಅವನ ಮಾಲೆಯಿಂದ ಒಂದು ಎಲೆ ಕಿತ್ತು ತನ್ನ ಕೊರಳ ಸರಕ್ಕೆ ಸಿಕ್ಕಿಸಿಕೊಂಡು, ಆ ನಿವೃತ್ತ ವಿಮಾನದ ಮೂತಿಯ ಮುಂದೆ ಲೇಸಿಯೆಲಿ ಬರೀ ನೆಲದ ಮೇಲೆ ಕೂತಳು. ಇದರಿಂದ ನಮಗೆಲ್ಲ ಪೇಚಾಯಿತು. ಅವಳು ನೆಲದಲ್ಲಿರುವಾಗ ನಿಂತಿರುವುದು ಹೇಗೆ? ಕೆಪುಯೇಲಿಯ ನೆಂಟರು ಮೊದಲು ಕೂತರು, ಆಮೇಲೆ ನಾವು, ಆಮೇಲೆ ಮೊಣಕಾಲಿನ ನೋವಿರುವ ಪಾದ್ರಿಗಳು. ಕೊನೆಗೆ ಸಮವಸ್ತ್ರದ ಇಸ್ತ್ರಿ ನೋಡಿಕೊಂಡು ಲೆಫ್ಟಿನೆಂಟ್ ಹೋಪೋಆತೆಯವರೂ ಕೂತರು. ಇಡೀ ನಕೋಲೋ ಊರು ಒಂದು ಕೋಳಿಗೂಡಿನ ಎದುರು ತಲೆತಗ್ಗಿಸಿ ಕೂತಿತು.

ತೊಂದರೆ ಏನೆಂದರೆ, ಏಳು ಎಂದು ಹೇಳಬೇಕಾದದ್ದು ವಿಮಾನ. ಅದು ಹೇಳುವುದು ಹೇಗೆ? ಬಿಸಿಲು ಏರಿತು. ಸಂಜೆಯವರೆಗೆ ಕೂತರೆ ಸಾಕೇನೋ ಎಂದು ಪಾದ್ರಿಗಳು ನನ್ನ ಕಿವಿಯಲ್ಲಿ ಕೇಳಿದರು. ವಿಮಾನದಳದ ನಿಯಮದಲ್ಲಿ ಇದಕ್ಕೆ ಏನೂ ಬರೆದಿಲ್ಲ ಎಂದು ಹೋಪೋಆತೆ ಹೇಳಿದರು. ಅಷ್ಟರಲ್ಲಿ ಪೈಲಟ್ಟಿನ ಕಿಟಕಿಯಿಂದ ಒಂದು ಕೆಂಪು ಹೇಂಟೆ ಹಾರಿ ಬಂತು. ಕೆಪುಯೇಲಿಯ ಹೆಗಲ ಮೇಲೆ ಕೂತು, ಕೊರಳಿನ ಮಾಲೆಯ ಎಲೆಯೊಂದನ್ನು ಕುಕ್ಕಿ ಹರಿದು ಕೆಳಗೆ ಹಾಕಿತು.

“ಕ್ಷಮಿಸಿತು!” ಎಂದು ಪಾದ್ರಿಗಳು ದಡಬಡ ಎದ್ದರು. ನಾವೂ ಮೈಕೊಡವಿ ಎದ್ದೆವು. ಎಲ್ಲರಿಗೂ ನಗು, ಎಲ್ಲರಿಗೂ ಹಸಿವು.

ಕೆಪುಯೇಲಿ ಏಳಲಿಲ್ಲ.

“ಏಳೋ, ಅದು ಕ್ಷಮಿಸಿತಲ್ಲ,” ಎಂದಳು ಅತ್ತೆ.

“ಅದು ಕ್ಷಮಿಸಿತು ಅತ್ತೆ. ನೀವು?”

ನಗು ನಿಂತಿತು. ಟೋಪಿಯ ಬಂಗಾರದ ರೆಕ್ಕೆಗಳ ಕೆಳಗೆ ಅತ್ತೆಯ ಮುಖ ಇಳಿದುಹೋಗಿತ್ತು.

“ನನ್ನ ತೂಕ ಎಷ್ಟು ಅಂದೆ?”

“ತೊಂಬತ್ತೆಂಟು.”

“ಎಲ್ಲರಿಗೂ ಕೇಳಿಸೋ ಹಾಗೆ ಕೂಗು.”

ಅವನು ಗಂಟಲು ಸರಿಮಾಡಿಕೊಂಡು ಕೂಗಿದ, “ತೊಂಬತ್ತೆಂಟು!” ಕೋಳಿಗಳು ಬೆದರಿ ಒಳಗೆ ಓಡಿದವು.

“ಮರ್ಯಾದೆ?”

“ಸೇರಿಸಿಲ್ಲ ಅತ್ತೆ.”

“ಅವತ್ತೂ ಹೀಗೇ ಕೂಗಿದ್ರೆ,” ಎಂದಳು ಅವಳು, “ನನ್ನ ತಮ್ಮನ ಮುಖ ನೋಡ್ತಿದ್ದೆ ಕಣೋ.”

ಆಮೇಲೆ ಬಗ್ಗಿ ಅವನ ಕೊರಳಿನಿಂದ ಎಲೆಮಾಲೆಯನ್ನು ತೆಗೆದಳು. ಅದನ್ನು ವಿಮಾನದ ಮೂತಿಗೆ ಹಾಕಿ, ಬರಿಗೈಯಿಂದಲೇ ಅದರ ಮೇಲಿನ ಧೂಳು ಒರೆಸಿ, ಎಲ್ಲರ ಕಡೆ ತಿರುಗಿ, “ಹಂದಿ ಎಲ್ಲಿ? ಬಡಿಸಿ,” ಎಂದಳು.

ಕೆಪುಯೇಲಿಯೇ ಬಡಿಸಿದ. ಅವಳು ಉಂಡಳು, ನಿಧಾನವಾಗಿ, ಬಹಳ ಹೊತ್ತು. ಮಾವಿನ ಹಣ್ಣು ಬೇಕೆ, ಇನ್ನೊಂದು ತುಂಡು ಹಾಕಲೇ ಎಂದು ಕೇಳುವಾಗಲೂ ಅವನು ತಲೆಯೆತ್ತಲಿಲ್ಲ. ಟೋಪಿಯನ್ನು ಅವಳು ಅವನಿಗೆ ವಾಪಸ್ಸು ಕೊಡಲಿಲ್ಲ, ಅವನು ಕೇಳಲೂ ಇಲ್ಲ.